ಪಿನ್ ಕೂತರೆ ಸಾಲದು, ಕರೆಂಟೂ ತಾಳಬೇಕು

ಪ್ರಾಜೆಕ್ಟ್‌ಗೆ ಬೇಕು ಅಂತ ಎಸ್.ಪಿ. ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತರೋದು ನಮ್ಮಲ್ಲಿ ಹೊಸದೇನಲ್ಲ. ಮನೆಗೆ ತಂದ ಮೇಲೆ ಗೊತ್ತಾಗುತ್ತೆ, ಕಾರ್ಡ್‌ಗೆ 6 ಪಿನ್‌ನ ಪವರ್ ವೈರ್ ಬೇಕು, ಹಳೇ ಎಸ್‌ಎಂಪಿಎಸ್‌ನಲ್ಲಿ ಅದೇ ಇಲ್ಲ! ಆಗ ಕಣ್ಣಿಗೆ ಬೀಳೋದು ಸಾಟಾದಿಂದ 6 ಪಿನ್‌ಗೆ ಬದಲಾಯಿಸುವ ಅಗ್ಗದ ಅಡಾಪ್ಟರ್. ಹಾಕಿದರೆ ಕಂಪ್ಯೂಟರ್ ಆನ್ ಆಗುತ್ತೆ, ಡಿಸ್‌ಪ್ಲೇನೂ ಬರುತ್ತೆ. ಅಪಾಯ ಇರೋದೇ ಅಲ್ಲಿ.

ಸ್ವಲ್ಪ ಲೆಕ್ಕ ಹಾಕೋಣ

ಸಾಟಾ ಪವರ್ ಕನೆಕ್ಟರ್‌ನ 15 ಪಿನ್‌ಗಳಲ್ಲಿ 12 ವೋಲ್ಟ್‌ಗೆ ಇರುವುದು 3 ಮಾತ್ರ. ಒಂದೊಂದರ ಮಿತಿ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. ಆದರೆ 6 ಪಿನ್‌ನಿಂದ ಕಾರ್ಡ್ 75 ವ್ಯಾಟ್ ವರೆಗೆ ಎಳೆಯಬಹುದು, ಅದಕ್ಕೆ 6.25 ಆಂಪಿಯರ್ ಬೇಕು. 8 ಪಿನ್ ಆದರೆ 150 ವ್ಯಾಟ್, 12.5 ಆಂಪಿಯರ್.

‘ಓವರ್‌ಲೋಡ್ ಆದರೆ ಎಸ್‌ಎಂಪಿಎಸ್ ತಾನೇ ಆಫ್ ಆಗಲ್ವಾ?’ ಅಂತ ಕೇಳಬಹುದು. ಆಗಲ್ಲ. ಅದರ 12 ವೋಲ್ಟ್ ಲೈನ್ 30 ಆಂಪಿಯರ್ ಕೊಡಬಲ್ಲದು ಅಂತಿಟ್ಟುಕೊಳ್ಳಿ. ಅದರ ಪಾಲಿಗೆ 6 ಆಂಪಿಯರ್ ಏನೂ ಅಲ್ಲ. ಗೋಡೆಯ ಎಂಸಿಬಿಗಂತೂ ಇದು ಕಾಣೋದೇ ಇಲ್ಲ. ಈ ನಡುವೆ ಸಡಿಲವಾದ ಒಂದು ಪಿನ್‌ನ ರೆಸಿಸ್ಟೆನ್ಸ್ 0.05 ಓಮ್‌ಗೆ ಏರಿ, ಅದರಲ್ಲೇ 6 ಆಂಪಿಯರ್ ಹರಿದರೆ, ಐ ಸ್ಕ್ವೇರ್ ಆರ್ ಪ್ರಕಾರ 1.8 ವ್ಯಾಟ್ ಶಾಖ. ಅಷ್ಟು ಚಿಕ್ಕ ಪ್ಲಾಸ್ಟಿಕ್ ಒಳಗೆ ಗಂಟೆಗಟ್ಟಲೆ ಅಷ್ಟು ಶಾಖ ಉಳಿದರೆ ಕನೆಕ್ಟರ್ ಕರಗುತ್ತೆ, ಬೆಂಕಿಯೂ ಹತ್ತಬಹುದು. ರಾತ್ರಿಯಿಡೀ ಟ್ರೇನಿಂಗ್ ರನ್ ಮಾಡಿ ಮಲಗುವವರು ಇದನ್ನು ಮರೆಯಬಾರದು.

ಹಾರ್ಡ್ ಡಿಸ್ಕ್‌ಗೆ ಸ್ಪ್ಲಿಟರ್

3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಕೇಳುತ್ತೆ. ಒಂದು ಸಾಟಾ ಕನೆಕ್ಟರ್‌ನಿಂದ ಎರಡು ಡಿಸ್ಕ್ ನಡೆಸಬಹುದು, ಮೂರನೆಯದು ಮಿತಿ ಮೀರುತ್ತೆ. ಸಾಟಾ ಎಸ್‌ಎಸ್‌ಡಿಗೆ ಇಷ್ಟು ಚಿಂತೆ ಬೇಡ, ಅದಕ್ಕೆ ಸಾಕಾಗೋದು ಕೆಲವೇ ವ್ಯಾಟ್.

ನಾಲ್ಕು ದಪ್ಪ ಪಿನ್‌ಗಳ ಹಳೇ ಮೋಲೆಕ್ಸ್ ಕನೆಕ್ಟರ್ ಸಾಟಾಗಿಂತ ಹೆಚ್ಚು ಕರೆಂಟ್ ತಾಳುತ್ತೆ. ಅದರಿಂದ ಸಾಟಾಗೆ ಅಡಾಪ್ಟರ್ ಕೊಳ್ಳುವಾಗ ವೈರ್‌ಗಳು ಪ್ಲಾಸ್ಟಿಕ್ ಎರಕದಲ್ಲಿ ಹೂತುಹೋಗಿದ್ದರೆ ಬಿಟ್ಟುಬಿಡಿ. ಎರಕ ಹೊಯ್ಯುವಾಗ ಒಳಗಿನ ವೈರ್ ಸರಿದು ಪಕ್ಕದ್ದಕ್ಕೆ ಹತ್ತಿರವಾಗಿರಬಹುದು, ಮುಂದೆ ಶಾರ್ಟ್ ಆಗಬಹುದು. ಒಂದೊಂದು ವೈರ್‌ಗೂ ಬೇರೆ ಬೇರೆ ಲೋಹದ ಪಿನ್ ಒತ್ತಿ ಕೂರಿಸಿರುವಂಥದ್ದು ವಾಸಿ.

ಕೈ ಹಾಕುವ ಮುಂಚೆ

- ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್‌ಗೆ ಎಷ್ಟು ಆಂಪಿಯರ್ ಅಂತ ಓದಿ. ದೊಡ್ಡ ಅಕ್ಷರದ ವ್ಯಾಟ್ ಸಂಖ್ಯೆಯೊಂದನ್ನೇ ನಂಬಬೇಡಿ.
- ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಕೆಲಸ ಶುರುಮಾಡಿ.
- ಬಿಚ್ಚಿ ಹಾಕಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ಇದ್ದರೆ, ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಹಾಕಬೇಡಿ. ಆಕಾರ ಒಂದೇ ಇದ್ದರೂ ಪಿನ್ ಜೋಡಣೆ ಬೇರೆ ಇರಬಹುದು. 5 ವೋಲ್ಟ್ ಜಾಗಕ್ಕೆ 12 ವೋಲ್ಟ್ ಹೋದರೆ ಡಿಸ್ಕೂ ಹೋಯ್ತು, ನಾಲ್ಕು ವರ್ಷದ ಫೈಲ್‌ಗಳೂ ಹೋದವು.
- ಮದರ್‌ಬೋರ್ಡ್‌ನ ಫ್ಯಾನ್ ಹೆಡರ್ ಸಾಮಾನ್ಯವಾಗಿ ತಾಳೋದು 1 ಆಂಪಿಯರ್. ಹೆಚ್ಚು ಫ್ಯಾನ್ ಇದ್ದರೆ ಮೋಲೆಕ್ಸ್‌ನಿಂದ ಪವರ್ ಕೊಡಿ.
- ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಜೋಡಿಸಿದ ಮೇಲೆ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ನೋಡಿ, ಜಾಗ ಬಿಟ್ಟು ಏಳಬೇಡಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕನೆಕ್ಟರ್ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಸುಡುತ್ತಿದ್ದರೆ, ವಾಸನೆ ಬಂದರೆ, ಪ್ಲಾಸ್ಟಿಕ್ ಬಣ್ಣ ತಿರುಗಿದ್ದರೆ ಆ ಅಡಾಪ್ಟರ್ ಕಸದ ಬುಟ್ಟಿಗೆ. ಗ್ರಾಫಿಕ್ಸ್ ಕಾರ್ಡ್‌ಗಂತೂ ಬೇಕಾದ ವೈರ್ ತನ್ನಲ್ಲೇ ಇರುವ ಎಸ್‌ಎಂಪಿಎಸ್ ಕೊಳ್ಳುವುದೇ ಸರಿ. ಕಾರ್ಡ್‌ನ ಬಜೆಟ್ ಹಾಕುವಾಗಲೇ ಆ ದುಡ್ಡನ್ನೂ ಸೇರಿಸಿಕೊಳ್ಳೋಣ.