ಪರಿಮಳಕ್ಕೊಂದು ಪ್ರಮಾಣ

ಬಳ್ಳಾರಿಯ ಸೀಮೆಯಲ್ಲಿ ಸಾಬೂನಿಗೆ ಬೇಕಾದ ಎಣ್ಣೆಗೆ ಬರವೆಂಬುದಿಲ್ಲ. ತುಂಗಭದ್ರೆಯ ಕಾಲುವೆಯ ನೀರುಂಡು ಬೆಳೆಯುವ ಸಿರುಗುಪ್ಪದ ಭತ್ತದಿಂದ ತೌಡಿನ ಎಣ್ಣೆ ದೊರೆಯುತ್ತದೆ. ಎರೆಹೊಲಗಳ ಶೇಂಗಾ, ಕುಸುಬೆ, ಸೂರ್ಯಕಾಂತಿಗಳಂತೂ ಇಲ್ಲಿನ ಬಾಳಿನೊಡನೆ ಹೊಂದಿಕೊಂಡು ಬಂದಿವೆ. ಇವುಗಳೊಡನೆ ಒಂದಿಷ್ಟು ಕೊಬ್ಬರಿ ಎಣ್ಣೆಯನ್ನು ಕೂಡಿಸಿ, ತೂಕವರಿತು ಕರಗಿಸಿದ ಕಾಸ್ಟಿಕ್ ಸೋಡಾದ ನೀರನ್ನು ಬೆರೆಸಿ, ಗಟ್ಟಿಯಾಗುವವರೆಗೆ ಕದಡಿ, ಅಚ್ಚಿಗೆ ಹೊಯ್ದು ನಾಲ್ಕಾರು ವಾರ ನೆರಳಿನಲ್ಲಿ ಒಣಗಿಸುವ ಗೃಹಿಣಿಗೆ ಆ ಸೋಡಾದ ಉಗ್ರತೆ ಚೆನ್ನಾಗಿ ತಿಳಿದಿರುತ್ತದೆ. ಆದರೆ ಲೆಕ್ಕ ಸರಿಯಾಗಿದ್ದರೆ ಸೋಡಾ ಎಣ್ಣೆಯೊಡನೆ ಸಂಯೋಗಗೊಂಡು ತನ್ನ ಉಗ್ರತೆಯನ್ನು ಕಳೆದುಕೊಳ್ಳುತ್ತದೆ. ಕಟ್ಟಕಡೆಗೆ ಹನಿಸುವ ಸುಗಂಧತೈಲವಾದರೋ ಬಹುಮಟ್ಟಿಗೆ ತನ್ನ ಸ್ವಭಾವವನ್ನು ಬಿಡದೆ ಸಾಬೂನಿನಲ್ಲಿ ಉಳಿದು, ಮೈಯವರೆಗೂ ಬರುತ್ತದೆ. ಜನರ ಎಚ್ಚರಿಕೆಯೆಲ್ಲ ಮೊದಲನೆಯದರ ಮೇಲೆಯೇ ಮುಗಿದುಹೋಗುವುದು ನನಗೆ ಚಿಂತೆಯ ವಿಷಯವಾಗಿ ತೋರುತ್ತದೆ.

ಸುಗಂಧತೈಲವೂ ಸಾಬೂನೂ ಕೂಡಿದ ಕಥೆ ಕನ್ನಡನಾಡಿಗೆ ಹೊಸದಲ್ಲ. ಮೊದಲನೆಯ ಮಹಾಯುದ್ಧದಿಂದಾಗಿ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿದರು; ಸಾಬೂನಿನ ವಿದ್ಯೆಯನ್ನು ಲಂಡನ್ನಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಆ ತೈಲ ಸಾಬೂನಿಗೆ ಇಳಿಯಿತು. ಅಲ್ಲಿ ರಸಾಯನಜ್ಞನಿದ್ದ, ತಕ್ಕಡಿಯಿತ್ತು. ಮನೆಯ ಅಡುಗೆಕಟ್ಟೆಯ ಮೇಲೆ ಅದೇ ಕೆಲಸ ನಡೆಯುವಾಗ ರಸಾಯನಜ್ಞನಿಲ್ಲದಿದ್ದರೂ ತಕ್ಕಡಿಯಾದರೂ ಇರಲೇಬೇಕು.

ಏತಕ್ಕೆಂದರೆ, ಲವಂಗದ ತೈಲದಲ್ಲಿ ಯೂಜಿನಾಲ್ ಎಂಬುದೂ, ದಾಲ್ಚಿನ್ನಿ ತೊಗಟೆಯ ತೈಲದಲ್ಲಿ ಸಿನ್ನಮಾಲ್ಡಿಹೈಡ್ ಎಂಬುದೂ, ಮಜ್ಜಿಗೆಹುಲ್ಲಿನ ತೈಲದಲ್ಲಿ ಸಿಟ್ರಾಲ್ ಎಂಬುದೂ ಅಧಿಕಾಂಶವಾಗಿರುತ್ತವೆ. ಇಂತಹ ಸೂಕ್ಷ್ಮವಸ್ತುಗಳು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡಾಗ, ಶರೀರದ ರಕ್ಷಣಾವ್ಯವಸ್ಥೆ ಅವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವುದುಂಟು. ಮೊದಲ ಸಲ ಏನೂ ಕಾಣದು. ಗುರುತು ಬಲಿಯಲು ಹತ್ತು ಹದಿನಾಲ್ಕು ದಿನಗಳಾದರೂ ಬೇಕು, ಎಷ್ಟೋ ವೇಳೆ ವರ್ಷಗಳೇ ಹಿಡಿಯುತ್ತವೆ. ಅನಂತರ ಅದೇ ವಸ್ತು ಅತ್ಯಲ್ಪವಾಗಿ ಸೋಂಕಿದರೂ ಒಂದೆರಡು ದಿನಗಳೊಳಗೆ ನವೆ, ಕೆಂಪು, ನೀರ್ಗುಳ್ಳೆಗಳು ಏಳುತ್ತವೆ. ಒಮ್ಮೆ ಬಂದ ಈ ಅಸಹನೆ ಸಾಮಾನ್ಯವಾಗಿ ಜೀವಾವಧಿ ಉಳಿಯುತ್ತದೆ. ನೆರೆಮನೆಯಾಕೆ ಮೂರು ವರ್ಷ ಬಳಸಿ ಏನೂ ಆಗಲಿಲ್ಲವೆಂಬ ಮಾತು ಆದಕಾರಣ ಪ್ರಮಾಣವಾಗಲಾರದು.

ಹನಿಯ ಲೆಕ್ಕವನ್ನು ಮೊದಲು ಬಿಡಬೇಕು. ಒಂದು ತೈಲದ ಹನಿ ಇನ್ನೊಂದರ ಹನಿಗಿಂತ ದಪ್ಪ, ಒಂದು ಸೀಸೆಯ ಮೂತಿ ಇನ್ನೊಂದರಂತಲ್ಲ. ಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರುವ ಸಣ್ಣ ತಕ್ಕಡಿ ಸಾಕು. ಒಂದು ಕಿಲೋ ಎಣ್ಣೆಯ ಸಾಬೂನಿಗೆ ಮಜ್ಜಿಗೆಹುಲ್ಲಿನ ತೈಲವನ್ನು 10 ಗ್ರಾಂ, ಅಂದರೆ ನೂರಕ್ಕೆ ಒಂದರಂತೆ ಹಾಕಿದೆವೆನ್ನಿ. ಅದರಲ್ಲಿ ಸಿಟ್ರಾಲ್ 7ರಿಂದ 8 ಗ್ರಾಂ ಇರುತ್ತದೆ. ನೀರು, ಸೋಡಾ ಸೇರಿ ಸಾಬೂನು ಸುಮಾರು 1.4 ಕಿಲೋ ಆಯಿತೆಂದರೆ ಸಿಟ್ರಾಲಿನ ಪಾಲು ನೂರಕ್ಕೆ ಅರ್ಧದಷ್ಟು. ಐರೋಪ್ಯ ಒಕ್ಕೂಟವು 2003ರಲ್ಲಿ ಅಲರ್ಜಿಕಾರಕವೆಂದು ಪಟ್ಟಿಮಾಡಿದ 26 ಸುಗಂಧದ್ರವ್ಯಗಳು, ತೊಳೆದುಹೋಗುವ ವಸ್ತುವಿನಲ್ಲಿ ನೂರಕ್ಕೆ 0.01ನ್ನು ಮೀರಿದರೆ ಹೆಸರಿಸಲೇಬೇಕೆಂದು ವಿಧಿಸಿತು. ಸಿಟ್ರಾಲ್, ಯೂಜಿನಾಲ್‌ಗಳು ಆ ಪಟ್ಟಿಯಲ್ಲಿವೆ. ನಮ್ಮ ಮಿತವಾದ ಸಾಬೂನೂ ಆ ಗೆರೆಯನ್ನು ಐವತ್ತು ಪಟ್ಟು ದಾಟಿ ನಿಂತಿದೆ! ಅದು ನಿಷೇಧದ ಗೆರೆಯಲ್ಲ, ತಿಳಿಯಹೇಳುವ ಗೆರೆ. ಆದರೂ ನಾವು ಎಂತಹ ಪ್ರಬಲ ವಸ್ತುವಿನೊಡನೆ ವ್ಯವಹರಿಸುತ್ತಿದ್ದೇವೆಂಬುದನ್ನು ಅದು ತೋರಿಸುತ್ತದೆ. 2023ರಲ್ಲಿ ಪಟ್ಟಿ ಎಂಬತ್ತನ್ನು ಮೀರಿತು. ದಾಲ್ಚಿನ್ನಿ ತೊಗಟೆಯ ತೈಲವನ್ನು ಮನೆಯ ಸಾಬೂನಿಗೆ ಹಾಕಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಲವಂಗದ ತೈಲಕ್ಕೆ ಬೇರೊಂದು ದೋಷವೂ ಉಂಟು: ಬೆರೆಸಿದೊಡನೆ ಪಾಕವನ್ನು ಪಾತ್ರೆಯಲ್ಲಿಯೇ ಗಟ್ಟಿಗೊಳಿಸಿ ಅಚ್ಚಿಗೆ ಹೊಯ್ಯಲು ಅವಕಾಶ ಕೊಡದು.

ಬಳ್ಳಾರಿಯವರು ಇನ್ನೊಂದು ವಿಷಯವನ್ನು ಇತರರಿಗಿಂತ ಹೆಚ್ಚು ಗಮನಿಸಬೇಕು. ಕಿತ್ತಳೆಸಿಪ್ಪೆಯ ತೈಲದ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್, ಇವೆರಡೂ ಹೊಸದಾಗಿರುವಾಗ ಸೌಮ್ಯವೇ. ಗಾಳಿಯ ಆಮ್ಲಜನಕ ಸೋಂಕುತ್ತ ಸೋಂಕುತ್ತ ಇವು ಹೈಡ್ರೊಪೆರಾಕ್ಸೈಡುಗಳಾಗಿ ಮಾರ್ಪಟ್ಟಾಗ ಬಲವಾದ ಅಲರ್ಜಿಕಾರಕಗಳಾಗುತ್ತವೆ. ಟೀ ಟ್ರೀ ತೈಲವೂ ಹಳತಾದಷ್ಟೂ ಕೆಡುಕಾಗುತ್ತದೆ. ಈ ಮಾರ್ಪಾಟನ್ನು ಶಾಖವೂ ಬೆಳಕೂ ತ್ವರೆಗೊಳಿಸುತ್ತವೆ. ಚೈತ್ರ ವೈಶಾಖಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಈ ಬಿಸಿಲನಾಡಿನಲ್ಲಿ, ಕಲ್ಲಿನ ಗೋಡೆ ಕಾದು ರಾತ್ರಿಯೂ ತಣಿಯದ ಮನೆಯ ಗೂಡಿನಲ್ಲಿ, ಅರ್ಧ ಖಾಲಿಯಾದ ಸೀಸೆಯನ್ನು ಮುಂದಿನ ದೀಪಾವಳಿಯವರೆಗೆ ಇಟ್ಟು ಮತ್ತೆ ತೆಗೆದು ಬಳಸುವ ಮಿತವ್ಯಯ ಅಪಾಯಕರವಾದದ್ದು. ಚಿಕ್ಕ ಸೀಸೆಯನ್ನೇ ಕೊಂಡು, ತೆರೆದ ದಿನವನ್ನು ಅದರ ಮೇಲೆ ಬರೆದು, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳತಕ್ಕದ್ದು. ವಾಸನೆ ಕಮಟಾದುದನ್ನು ಬೆಲೆಯೆಷ್ಟೇ ಆಗಿರಲಿ ಮೈಗೆ ಸೋಂಕಿಸಬಾರದು.

ಸಾಬೂನು ಕ್ಷಣದಲ್ಲಿ ತೊಳೆದುಹೋಗುತ್ತದೆ, ಅಷ್ಟರಮಟ್ಟಿಗೆ ಅಪಾಯ ಕಡಮೆಯೆಂಬುದು ನಿಜ. ಆದರೆ ತಯಾರಿಸುವವಳ ಕೈಗೆ ಆ ರಿಯಾಯಿತಿಯಿಲ್ಲ. ಅವಳ ಬೆರಳಿಗೆ ತಾಗುವುದು ಸಾಬೂನಲ್ಲ, ಅಪ್ಪಟ ತೈಲ. ಸಿರುಗುಪ್ಪದಲ್ಲಿ ನಾಟಿ ಹಚ್ಚಿ ನೀರಿನಲ್ಲಿ ನೆನೆದ ಕೈಗಳು, ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಿ ಉರಿಯುತ್ತಿರುವ ಕೈಗಳು ಈಗಾಗಲೇ ಬಿರಿದಿರುತ್ತವೆ. ಬಿರುಕು ಬಿಟ್ಟ ಚರ್ಮದ ಮೂಲಕ ಇಂತಹ ದ್ರವ್ಯಗಳು ಸುಲಭವಾಗಿ ಒಳಗಿಳಿಯುತ್ತವೆ. ನೈಟ್ರೈಲ್ ಕೈಗವಸು, ತೆರೆದ ಕಿಟಕಿ, ಇವೆರಡೂ ಸ್ವಸಹಾಯ ಸಂಘದ ಸಾಬೂನಿನ ಖರ್ಚಿನೊಳಗೆ ಸೇರಲೇಬೇಕು. ಹಸುಗೂಸಿನ ಸಾಬೂನಿಗೆ ಪರಿಮಳವೇ ಬೇಡ.

ಪರೀಕ್ಷೆಗೆಂದು ಅಪ್ಪಟ ತೈಲವನ್ನು ಮೊಣಕೈಗೆ ಹಚ್ಚಿಕೊಳ್ಳುವ ರೂಢಿ ಕೆಲವೆಡೆ ಇದೆ. ಇದು ತಪ್ಪು, ಅದರಿಂದಲೇ ಅಲರ್ಜಿ ಹುಟ್ಟಬಹುದು. ಯಾಡಸ್ಸೋನ್ ಎಂಬ ಜರ್ಮನ್ ವೈದ್ಯ 1895ರಲ್ಲಿ ಆರಂಭಿಸಿದ ಪ್ಯಾಚ್ ಪರೀಕ್ಷೆ ಬೇರೆ: ಅಳೆದು ತೆಳುಗೊಳಿಸಿದ ದ್ರವ್ಯವನ್ನು ಬೆನ್ನಿಗೆ ಎರಡು ದಿನ ಅಂಟಿಸಿ, ಚರ್ಮವೈದ್ಯರೇ ಓದಿ ಹೇಳತಕ್ಕದ್ದು. ನವೆ ಕಂಡವರು ಸಾಬೂನನ್ನು ಆ ದಿನವೇ ನಿಲ್ಲಿಸಿ, ವಿಮ್ಸ್ ಎಂದು ಬಳ್ಳಾರಿಯವರು ಕರೆಯುತ್ತ ಬಂದಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಸಮೀಪದ ಚರ್ಮವೈದ್ಯರಲ್ಲಿಗೋ ಹೋಗುವಾಗ ಸಾಬೂನಿನ ತುಂಡನ್ನೂ ತೈಲದ ಸೀಸೆಯನ್ನೂ ಜೊತೆಗೆ ಒಯ್ಯಲಿ. ತಯಾರಿಸಿದವರು ಪ್ರತಿಯೊಂದು ಪಾಕದ ದಿನಾಂಕ, ತೈಲದ ಹೆಸರು, ಗ್ರಾಮಿನ ಲೆಕ್ಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ, ವೈದ್ಯರು ಕೇಳುವ ಮೊದಲನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ.