ಎರೆ ನೆಲದ ಮನೆ, ದೂರದ ಆಸ್ಪತ್ರೆ: ತುರ್ವಿಹಾಳದ ಮಾತು ಲೋಕಸಭೆಗೆ ಮುಟ್ಟುವ ಬಗೆ



ಎಡದಂಡೆ ನಾಲೆಗೆ ನೀರು ಬರುವುದು ಎಂಟು ದಿನ ತಡವಾದರೆ ನೀವು ಸುಮ್ಮನೆ ಕೂರುವುದಿಲ್ಲ. ಊರೂರಿನವರು ಕೂಡುತ್ತೀರಿ, ಟ್ರ್ಯಾಕ್ಟರು ಹೂಡಿಕೊಂಡು ಸಿಂಧನೂರಿಗೆ ಹೋಗುತ್ತೀರಿ, ರಸ್ತೆಗೆ ಅಡ್ಡ ನಿಲ್ಲುತ್ತೀರಿ. ಮಸ್ಕಿ ಭಾಗದವರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020-21ರಲ್ಲಿ ಎಷ್ಟು ದಿನ ಧರಣಿ ಕುಳಿತರೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಮರುವರ್ಷದ ಉಪಚುನಾವಣೆಯಲ್ಲಿ ಆ ಕಾಲುವೆಯ ಹೆಸರೆತ್ತದೆ ಮತ ಕೇಳಲು ಯಾರಿಗೂ ಸಾಧ್ಯವಾಗಲಿಲ್ಲ.

ಆದರೆ ಮನೆ ಮತ್ತು ಆಸ್ಪತ್ರೆಯ ಮಾತು ಬಂದಾಗ ನಾವು ಹೀಗೆ ಕೂಡುವುದಿಲ್ಲ. ಮನೆ ಮಂಜೂರಾತಿಗೆ ಒಬ್ಬೊಬ್ಬರೇ ಪಂಚಾಯತಿಯ ಬಾಗಿಲಿಗೆ ಅಲೆಯುತ್ತೇವೆ. ಜ್ವರ ಬಂದರೆ, ಹಾವು ಕಡಿದರೆ ಒಬ್ಬೊಬ್ಬರೇ ಗಾಡಿ ಹುಡುಕುತ್ತೇವೆ. ನೀರು ಎಲ್ಲರದು, ಮನೆ ಮಾತ್ರ ನನ್ನೊಬ್ಬನದು ಎಂದು ನಾವು ತಿಳಿದಂತಿದೆ. ಲೋಕಸಭೆಯಲ್ಲಿ ನಮ್ಮ ಪ್ರತಿನಿಧಿ ನೀರಿನ ಬಗ್ಗೆ ಗಟ್ಟಿಯಾಗಿ ಮಾತನಾಡಿ, ಮನೆ ಮತ್ತು ಆರೋಗ್ಯದ ಬಗ್ಗೆ ಮೇಲೆ ಮೇಲೆ ಮಾತನಾಡಿ ಕುಳಿತರೆ ಅದಕ್ಕೆ ಅರ್ಧ ಕಾರಣ ನಾವೇ. ಅವರ ಕೈಗೆ ನಾವು ಕೊಟ್ಟ ಕಾಗದದಲ್ಲಿ ಏನಿತ್ತು?

ತುರ್ವಿಹಾಳದ ಸಂಸದರು ಯಾರು?

ಇದು ಸುಲಭದ ಪ್ರಶ್ನೆಯೆಂದು ತೋರಬಹುದು. ತುರ್ವಿಹಾಳ ಸಿಂಧನೂರು ತಾಲ್ಲೂಕಿಗೆ ಸೇರಿದ ಊರು. ವಿಧಾನಸಭೆಗೆ ಮಸ್ಕಿ ಕ್ಷೇತ್ರ. ಜಿಲ್ಲೆ ರಾಯಚೂರು. ಆದರೆ ಲೋಕಸಭೆಗೆ ಸಿಂಧನೂರು, ಮಸ್ಕಿ ಎರಡೂ ಕೊಪ್ಪಳ ಕ್ಷೇತ್ರದಲ್ಲಿವೆ. ಪಕ್ಕದ ಲಿಂಗಸುಗೂರು ಮಾತ್ರ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಹೀಗೆ ಒಂದೇ ಜಿಲ್ಲೆಯ ಅಕ್ಕಪಕ್ಕದ ಊರುಗಳಿಗೆ ಇಬ್ಬರು ಸಂಸದರು. 2004ರಿಂದ 2009ರವರೆಗೆ ಕೊಪ್ಪಳದ ಸಂಸದರಾಗಿದ್ದವರು ಸಿಂಧನೂರಿನ ಕೆ. ವಿರೂಪಾಕ್ಷಪ್ಪನವರು, ಆಗ ಈ ತೊಡಕು ಅಷ್ಟಾಗಿ ಕಾಣುತ್ತಿರಲಿಲ್ಲ. ಮುಂದೆ 2014 ಮತ್ತು 2019ರಲ್ಲಿ ಕರಡಿ ಸಂಗಣ್ಣನವರು, 2024ರಲ್ಲಿ ರಾಜಶೇಖರ ಹಿಟ್ನಾಳರು ಆರಿಸಿಬಂದರು. ಇವರೆಲ್ಲರೂ ಹಳ್ಳಿಯ ನೆಲದಿಂದ ಬಂದವರೇ. ಆದರೆ ರಾಯಚೂರಿನ ಕಚೇರಿಯಲ್ಲಿ ನಡೆಯಬೇಕಾದ ಕೆಲಸಕ್ಕೆ ಕೊಪ್ಪಳದ ಸಂಸದರನ್ನು ಹಿಡಿಯಬೇಕೆಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ.

ಇನ್ನೊಂದು ತೊಡಕೂ ಇದೆ. ತುರ್ವಿಹಾಳ ಈಗ ಪಟ್ಟಣ ಪಂಚಾಯತಿ. ಆದುದರಿಂದ ಊರೊಳಗಿನವರು ಮನೆಗೆ ಅರ್ಜಿ ಹಾಕಬೇಕಾದುದು ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗಕ್ಕೆ. ಸುತ್ತಲಿನ ಹಳ್ಳಿಯವರು ಅದೇ ಯೋಜನೆಯ ಗ್ರಾಮೀಣ ಭಾಗಕ್ಕೆ. ದಿಲ್ಲಿಯಲ್ಲಿ ಇವು ಎರಡು ಬೇರೆ ಬೇರೆ ಸಚಿವಾಲಯಗಳು, ಎರಡು ಬೇರೆ ಮೊತ್ತಗಳು. ಒಂದೇ ಬದುವಿನ ಆಚೆ ಈಚೆ ಇರುವ ಇಬ್ಬರು ಅಣ್ಣತಮ್ಮಂದಿರಿಗೆ ಎರಡು ನಿಯಮ! ಸಂಸದರಿಗೆ ಕಾಗದ ಬರೆಯುವಾಗ ಇದನ್ನು ಬಿಡಿಸಿ ಹೇಳದಿದ್ದರೆ ಪ್ರಶ್ನೆ ತಪ್ಪು ಸಚಿವಾಲಯದ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಎರೆ ಭೂಮಿ ಕೇಳುವ ಬುನಾದಿ

ಈಗ ಮನೆಯ ವಿಷಯಕ್ಕೆ ಬರೋಣ. ಗ್ರಾಮೀಣ ಆವಾಸ್ ಯೋಜನೆ 2016ರ ನವೆಂಬರಿನಲ್ಲಿ ಆರಂಭವಾದಾಗ ಬಯಲು ನಾಡಿನ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶದ ಮನೆಗೆ 1 ಲಕ್ಷ 30 ಸಾವಿರ ರೂಪಾಯಿ ಎಂದು ಗೊತ್ತುಮಾಡಿದರು. ಮನೆ ಕನಿಷ್ಠ 25 ಚದರ ಮೀಟರು ಇರಬೇಕು. ಹಣದಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40 ಪಾಲು. ಅದಕ್ಕೆ ಹಿಂದೆ ಇಂದಿರಾ ಆವಾಸ್ ಯೋಜನೆಯಲ್ಲಿ ಬಯಲು ನಾಡಿಗೆ ಸಿಗುತ್ತಿದ್ದುದು 70 ಸಾವಿರ. ಹಾಗೆ ನೋಡಿದರೆ ಅಂದು ಆದದ್ದು ಒಳ್ಳೆಯ ಏರಿಕೆಯೇ. ಆದರೆ 2024ರಲ್ಲಿ ಯೋಜನೆಯನ್ನು 2028-29ರವರೆಗೆ ಮುಂದುವರಿಸಿದಾಗಲೂ ಮೊತ್ತವನ್ನು ಹಾಗೆಯೇ ಉಳಿಸಿದರು. ಅಷ್ಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಮರಳು, ಗೌಂಡಿಯ ಕೂಲಿ ಯಾವುದು ಎಷ್ಟಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಮೊತ್ತವನ್ನು ಹೆಚ್ಚಿಸಬೇಕೆಂದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯೀ ಸಮಿತಿಯೂ ಹೇಳಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುಡ್ಡಗಾಡಿಗೆ ಹತ್ತು ಸಾವಿರ ಹೆಚ್ಚು ಏಕೆ? ಅಲ್ಲಿ ಕಟ್ಟುವುದು ಕಷ್ಟ, ಸಾಮಾನು ಸಾಗಿಸುವುದು ಕಷ್ಟ ಎಂದು. ನ್ಯಾಯವೇ. ಹಾಗಾದರೆ ಎರೆ ಭೂಮಿಯಲ್ಲಿ ಕಟ್ಟುವುದು ಸುಲಭವೇ?

ಸಿಂಧನೂರು ಸೀಮೆಯ ಕಪ್ಪು ಎರೆ ಮಣ್ಣಿನ ಗುಣ ನಿಮಗೆ ಹೊಲದಲ್ಲಿ ಗೊತ್ತು. ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಆಳು ಕಾಲು ಇಳಿಯುವಷ್ಟು ಬಿರಿಯುತ್ತದೆ. ಹತ್ತಿಗೆ, ಜೋಳಕ್ಕೆ ಈ ಗುಣ ವರ, ಗೋಡೆಗೆ ಶಾಪ. ಮೂರು ಅಡಿ ತೋಡಿ ಕಲ್ಲು ತುಂಬಿ ಗೋಡೆ ಎಬ್ಬಿಸಿದರೆ ಎರಡು ಮಳೆಗಾಲ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬರುತ್ತದೆ. ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದೆ. ಗೌಂಡಿಯನ್ನು ಬೈಯುವುದು ರೂಢಿ. ತಪ್ಪು ಬಹುಮಟ್ಟಿಗೆ ಬುನಾದಿಯದು. ನಾಲೆಯ ನೀರು ಹರಿಯುವ ಕಡೆ, ಗದ್ದೆ ಮನೆಯ ಬೆನ್ನಿಗೇ ಇರುವ ಕ್ಯಾಂಪುಗಳಲ್ಲಿ ಇದು ಇನ್ನೂ ಹೆಚ್ಚು. ಒಂದು ಮಗ್ಗುಲು ಸದಾ ಹಸಿ, ಇನ್ನೊಂದು ಮಗ್ಗುಲು ಒಣ; ಗೋಡೆ ಎರಡೂ ಕಡೆ ಒಂದೇ ಸಮ ಕೂರುವುದಿಲ್ಲ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಬುನಾದಿಯನ್ನು ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಒಯ್ಯಬೇಕು. ಸಾಮಾನ್ಯವಾಗಿ ಐದು ಅಡಿಯಾದರೂ ಬೇಕಾಗುತ್ತದೆ. ಗೋಡೆಗೂ ಎರೆ ಮಣ್ಣಿಗೂ ನಡುವೆ ಮರಳು ಇಲ್ಲವೆ ಗರಸು ತುಂಬಿ ಧಮ್ಮಸು ಮಾಡಬೇಕು. ನೆಲಮಟ್ಟದಲ್ಲಿ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟು ಪಟ್ಟಿ ಕಟ್ಟಬೇಕು. ಛಾವಣಿಯ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಮೂರಡಿ ಅಗಲದ ಇಳಿಜಾರು ಕಟ್ಟೆ ಮಾಡಿ ನೀರನ್ನು ದೂರಕ್ಕೆ ಬಿಡಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ಬುಡದಲ್ಲಿ ಉಬ್ಬು ಇರುವ ಕಾಂಕ್ರೀಟು ಕಂಬದ ಬುನಾದಿಯನ್ನು ಬಹಳ ಹಿಂದೆಯೇ ರೂಪಿಸಿಕೊಟ್ಟಿದ್ದಾರೆ. ಆದರೆ ಇದೆಲ್ಲ ನೆಲದೊಳಗೆ ಹೂತುಹೋಗುವ ಹಣ. ಹಂತ ಹಂತವಾಗಿ ಫೋಟೋ ತೆಗೆದು ಕಂತು ಬಿಡುವ ಪದ್ಧತಿಯಲ್ಲಿ ಬುನಾದಿಯ ಫೋಟೋ ಕೆಂಪು ನೆಲದ್ದೂ ಒಂದೇ, ಎರೆ ನೆಲದ್ದೂ ಒಂದೇ. ಐದು ಅಡಿ ತೋಡಿದವನ ಖರ್ಚು ಫೋಟೋದಲ್ಲಿ ಕಾಣುವುದಿಲ್ಲ. ಲಿಂಟಲ್ ಮಟ್ಟಕ್ಕೆ ಬರುವಾಗ ಅವನು ಬಡ್ಡಿಗೆ ಸಾಲ ತಂದಿರುತ್ತಾನೆ.

ಲೋಕಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಗುಡ್ಡಗಾಡಿಗೆ ಕೊಟ್ಟ ಹಾಗೆ ಎರೆ ಭೂಮಿಯ ಹಳ್ಳಿಗಳಿಗೂ ಬುನಾದಿಯ ಹೆಚ್ಚುವರಿ ಹಣ ಏಕಿಲ್ಲ? "ನಮ್ಮ ಭಾಗಕ್ಕೆ ಹೆಚ್ಚು ಮನೆ ಕೊಡಿ" ಎಂದರೆ ಮಂತ್ರಿಗಳು ಗುರಿ, ಸಾಧನೆಯ ಅಂಕಿಗಳನ್ನು ಓದಿ ಕುಳಿತುಬಿಡುತ್ತಾರೆ. ಬುನಾದಿಯ ಪ್ರಶ್ನೆಗೆ ಅಂಥ ಸಿದ್ಧ ಉತ್ತರ ಇರಲಾರದು.

ದೊಡ್ಡಾಸ್ಪತ್ರೆಯೂ ಹಾವಿನ ಔಷಧವೂ

ಆರೋಗ್ಯದ ವಿಷಯದಲ್ಲಿ ನಮ್ಮ ಜಿಲ್ಲೆ ದಿಲ್ಲಿಯವರೆಗೆ ಮುಟ್ಟಿಸಿದ ದೊಡ್ಡ ಬೇಡಿಕೆ ಏಮ್ಸ್. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಸಿಂಧನೂರು, ಲಿಂಗಸುಗೂರು ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. ರಾಯಚೂರಿಗೆ ಬರಬೇಕಾಗಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ತೆರೆಯಿತು. ಅದಕ್ಕೆ ಬದಲು ಏಮ್ಸ್ ಆದರೂ ಬೇಕೆಂದು 2022ರ ಮೇ 13ರಂದು ರಾಯಚೂರಿನಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿತು. ರಾಜ್ಯ ಸರ್ಕಾರ ರಾಯಚೂರಿನ ಹೆಸರನ್ನು ಕೇಂದ್ರಕ್ಕೆ ಬರೆಯಿತು. 2024ರಲ್ಲಿ ರಾಯಚೂರಿನಿಂದ ಆಯ್ಕೆಯಾದ ಜಿ. ಕುಮಾರ ನಾಯಕರು ಲೋಕಸಭೆಯಲ್ಲಿ ಈ ಬೇಡಿಕೆ ಎತ್ತಿದರು. ಒಬ್ಬರೇ ಕೇಳಿದರೆ ಆಗದ ಕೆಲಸ ನೂರಾರು ಜನ ಕೂತರೆ ಸದನದವರೆಗೆ ಹೋಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಏಮ್ಸ್ ಬೇಕು. ಆದರೆ ನನ್ನ ಅನಿಸಿಕೆಯನ್ನು ಹೇಳಿಬಿಡುತ್ತೇನೆ: ಅದು ಬಂದರೂ ಸಿಂಧನೂರಿನಿಂದ ಸುಮಾರು 90 ಕಿಲೋಮೀಟರು ದೂರದಲ್ಲಿರುತ್ತದೆ, ತುರ್ವಿಹಾಳದವರಿಗೆ ಇನ್ನೂ ದೂರ. ಭತ್ತದ ಬದುವಿನಲ್ಲಿ ರಾತ್ರಿ ನೀರು ಕಟ್ಟಲು ಹೋದವನಿಗೆ ನಾಗರಹಾವೋ ಕೊಳಕುಮಂಡಲವೋ ಕಡಿದರೆ ಅವನ ಜೀವ ಉಳಿಯುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ ಔಷಧದ ಸೀಸೆ ಇದೆಯೇ, ಅದನ್ನು ಕೊಡುವ ವೈದ್ಯರು ಆ ರಾತ್ರಿ ಅಲ್ಲಿದ್ದಾರೆಯೇ ಎಂಬುದರ ಮೇಲೆ. ಒಂದೆರಡು ಸೀಸೆ ಸಾಲುವುದಿಲ್ಲ, ಹತ್ತಾರು ಬೇಕಾಗುವುದುಂಟು. ಹಾವು ಕಡಿತದ ಸಾವುಗಳನ್ನು 2030ರ ಹೊತ್ತಿಗೆ ಅರ್ಧಕ್ಕೆ ಇಳಿಸಬೇಕೆಂದು ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ರಾಷ್ಟ್ರೀಯ ಕಾರ್ಯಯೋಜನೆ ಹೊರಡಿಸಿತು. ಅದಕ್ಕೆ ತಿಂಗಳು ಮೊದಲೇ ಕರ್ನಾಟಕ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆಜ್ಞೆ ಮಾಡಿತ್ತು. ಇವು ಎರಡೂ ರೈತನ ಪಾಲಿನ ಒಳ್ಳೆಯ ಹೆಜ್ಜೆಗಳು. ಇದರ ಬಗ್ಗೆ ನಮ್ಮ ಯಾವ ಊರಿನವರು ಸಂಸದರಿಗೆ ಒಂದು ಕಾಗದ ಬರೆದಿದ್ದೇವೆ?

"ಆರೋಗ್ಯ ರಾಜ್ಯದ ವಿಷಯ" ಎಂಬ ಉತ್ತರ ಬರುವುದುಂಟು. ಸಂವಿಧಾನದ ಪ್ರಕಾರ ಅದು ನಿಜವೂ ಹೌದು. ಆದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು. ಬಯಲು ನಾಡಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಎಂಬ ಅಳತೆಯೂ ಕೇಂದ್ರದ್ದೇ. ಹಣ ಮತ್ತು ಅಳತೆ ಎರಡನ್ನೂ ಕುರಿತು ಲೋಕಸಭೆಯಲ್ಲಿ ಕೇಳಬಹುದು.

ಸದನದಲ್ಲಿ ಮಾತು ನಡೆಯುವ ರೀತಿ

ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಸದಸ್ಯರು ಹದಿನೈದು ದಿನ ಮೊದಲೇ ಬರೆದುಕೊಡಬೇಕು. ದಿನಕ್ಕೆ ಬಾಯಿಮಾತಿನ ಉತ್ತರಕ್ಕೆ ಗೊತ್ತಾಗುವ ಪ್ರಶ್ನೆಗಳು 20. ಅವುಗಳಲ್ಲಿಯೂ ಕೆಲವಕ್ಕೆ ಮಾತ್ರ ಸಮಯ ಸಿಗುತ್ತದೆ. ಲಿಖಿತ ಉತ್ತರದವು 230. ಬಾಯಿಮಾತಿನದು ಪತ್ರಿಕೆಯಲ್ಲಿ ಬರುತ್ತದೆಂದು ಅದಕ್ಕೇ ಬೆಲೆ ಹೆಚ್ಚು ಎಂದು ತಿಳಿಯಬಾರದು. ಲಿಖಿತ ಉತ್ತರದಲ್ಲಿ ಜಿಲ್ಲಾವಾರು ಲೆಕ್ಕ ಕೇಳಬಹುದು, ಅದು ಅಚ್ಚಾಗಿ ಉಳಿಯುತ್ತದೆ, ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇದಲ್ಲದೆ ನಿಯಮ 377 ಎಂಬುದೊಂದಿದೆ. ಇದರಲ್ಲಿ ಸದಸ್ಯರು ತಮ್ಮ ಕ್ಷೇತ್ರದ ಒಂದು ವಿಷಯವನ್ನು ಸಣ್ಣ ಬರಹದಲ್ಲಿ ಮಂಡಿಸುತ್ತಾರೆ, ಸಚಿವರು ಆಮೇಲೆ ಪತ್ರದ ಮೂಲಕ ಉತ್ತರಿಸುತ್ತಾರೆ.

ಸಚಿವರು "ವಿಷಯ ಪರಿಶೀಲನೆಯಲ್ಲಿದೆ" ಎಂದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಸದನದಲ್ಲಿ ಆ ಮಾತಿಗೆ ತೂಕವಿದೆ. ಅದನ್ನು ಭರವಸೆಯೆಂದು ಬರೆದುಕೊಂಡು, ಮೂರು ತಿಂಗಳೊಳಗೆ ಈಡೇರಿತೇ ಎಂದು ಕೇಳಲು ಭರವಸೆಗಳ ಸಮಿತಿಯೇ ಇದೆ.

ಭಾಷೆಯ ಅಳುಕೂ ಬೇಡ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದ್ದರು.

ಜಿಲ್ಲೆಯಲ್ಲಿಯೇ ನಡೆಯುವ ಸಭೆಯೊಂದಿದೆ. ಅದಕ್ಕೆ ದಿಶಾ ಸಮಿತಿ ಎಂದು ಹೆಸರು. ಮೂರು ತಿಂಗಳಿಗೊಮ್ಮೆ ಸೇರಬೇಕಾದ ಇದರಲ್ಲಿ ಸಂಸದರೇ ಅಧ್ಯಕ್ಷರು. ಇಬ್ಬರು ಸಂಸದರಿರುವ ಜಿಲ್ಲೆಯಲ್ಲಿ ಮತ್ತೊಬ್ಬರು ಸಹ ಅಧ್ಯಕ್ಷರು. ಆವಾಸ್ ಯೋಜನೆ, ಆರೋಗ್ಯ ಅಭಿಯಾನ ಎರಡರ ಲೆಕ್ಕವನ್ನೂ ಅಧಿಕಾರಿಗಳು ಅಲ್ಲಿ ಒಪ್ಪಿಸಬೇಕು. ಅಂದರೆ ರಾಯಚೂರಿನ ಸಭೆಯಲ್ಲಿ ತುರ್ವಿಹಾಳದ ಪರವಾಗಿ ಕೊಪ್ಪಳದ ಸಂಸದರು ಕೂತು ಕೇಳಬಹುದು, ಕೇಳಬೇಕು.

ಕಾಗದ ಬರೆಯುವಾಗ ಒಂದು ಕಾಗದಕ್ಕೆ ಒಂದೇ ವಿಷಯವಿರಲಿ. ಊರಲ್ಲಿ ಸೀಳುಬಿಟ್ಟ ಆವಾಸ್ ಮನೆಗಳು ಎಷ್ಟು, ಯಾವ ವರ್ಷ ಕಟ್ಟಿದವು, ಬುನಾದಿ ಎಷ್ಟು ಆಳ ಎಂದು ಮನೆಮನೆ ತಿರುಗಿ ಪಟ್ಟಿ ಮಾಡಿರಿ. ಆಸ್ಪತ್ರೆಯದಾದರೆ ಹಾವಿನ ಔಷಧ ಇಲ್ಲವೆಂದು ಮುಂದಕ್ಕೆ ಕಳಿಸಿದ ದಿನಾಂಕಗಳನ್ನು ಬರೆದುಕೊಳ್ಳಿರಿ. ಹೊಗಳಿಕೆ, ಬೈಗುಳ ಎರಡೂ ಬೇಡ. ಸಹಕಾರಿ ಸಂಘ, ಹಾಲಿನ ಸಂಘ, ಮಹಿಳೆಯರ ಸ್ವಸಹಾಯ ಸಂಘ ಇವುಗಳ ಮೊಹರು, ಸಹಿ ಇರಲಿ. ಒಂದು ಪ್ರತಿ ನಿಮ್ಮಲ್ಲಿ ಉಳಿಯಲಿ.

ಕಾಲ ನೋಡಿಕೊಂಡು ಕಳಿಸುವುದೂ ಮುಖ್ಯ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ ಮೂರನೆಯ ವಾರದಲ್ಲಿ ಕೂಡುತ್ತದೆ. ಆಗ ನೀವು ನಾಟಿಯ ಗಡಿಬಿಡಿಯಲ್ಲಿರುತ್ತೀರಿ, ಸಂಸದರು ಪ್ರಶ್ನೆ ಬರೆದುಕೊಡುವ ಗಡುವೂ ಮುಗಿದಿರುತ್ತದೆ. ಆದುದರಿಂದ ಜೂನ್ ತಿಂಗಳಲ್ಲಿ, ಸಸಿಮಡಿಗೆ ಬೀಜ ಚೆಲ್ಲುವ ಹೊತ್ತಿಗೆ ಕಾಗದ ಕೊಪ್ಪಳ ಮುಟ್ಟಿರಬೇಕು. ಚಳಿಗಾಲದ ಅಧಿವೇಶನಕ್ಕಾದರೆ ದೀಪಾವಳಿಯೊಳಗೆ, ಬಜೆಟ್ ಅಧಿವೇಶನಕ್ಕಾದರೆ ಸಂಕ್ರಾಂತಿಗೆ ಮೊದಲು.