ಹಳದಿ ಪುಸ್ತಿಕೆಯೂ ಆರು ದಿನಗಳೂ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಬೇಸಗೆಯ ಸಂಜೆ ಜಮಖಂಡಿಯ ನಮ್ಮ ಮನೆಗೆ ಬಂದನು. ಮುಧೋಳದ ಬಳಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಅವನು ಎಂಜಿನಿಯರು. ಯಂತ್ರಗಳ ತರಬೇತಿಗಾಗಿ ಮೂರು ವಾರ ಜರ್ಮನಿಗೆ ಹೋಗಿಬರುವ ಅವಕಾಶ ಅವನಿಗೆ ಒದಗಿತ್ತು. ಅಗ್ಗದ ಟಿಕೇಟು ದೊರೆಯಿತೆಂದು ಇಥಿಯೋಪಿಯದ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವ ದಾರಿಯನ್ನು ಆರಿಸಿಕೊಂಡಿದ್ದನು. ಹೋಗುವಾಗ ಅಲ್ಲಿ ಎರಡು ತಾಸು ಕಾಯಬೇಕು. ಬರುವಾಗ ಹದಿನೇಳು ತಾಸು. ಆ ಹದಿನೇಳು ತಾಸಿಗೆ ಊರೊಳಗಿನ ಹೋಟೆಲಿನಲ್ಲಿ ಮಲಗುವ ವ್ಯವಸ್ಥೆಯನ್ನು ವಿಮಾನ ಕಂಪನಿಯೇ ಮಾಡಿಕೊಡುವುದೆಂದು ಸಂತೋಷದಿಂದ ಹೇಳಿದನು. ಮುಂಬಯಿಗೆ ಬಂದಿಳಿದ ನಾಲ್ಕನೆಯ ದಿನ ಬನಹಟ್ಟಿಯಲ್ಲಿ ಅವನ ತಂಗಿಯ ಮದುವೆ.

"ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆಯೇನು?" ಎಂದು ಕೇಳಿದೆವು.

"ಇಲ್ಲರಿ ಸರ್. ನಾ ಆಫ್ರಿಕಾಕ್ಕ ಹೊಂಟಿಲ್ಲಲ್ಲರಿ, ನಡುವ ಬರೇ ವಿಮಾನ ಬದಲಿ ಮಾಡೂದೈತಿ."

ಬಿಳಗಿಯಿಂದ ಬಾಗಲಕೋಟೆಗೆ ಹೋಗುವವನು ನಡುವಿನ ಊರಿನಲ್ಲಿ ಬಸ್ಸು ಬದಲಿಸಿದ ಮಾತ್ರಕ್ಕೆ ಆ ಊರಿನವನಾಗುವುದಿಲ್ಲ. ಹುಡುಗನ ತರ್ಕ ಇದೇ. ವೀಸಾದ ಮಟ್ಟಿಗೆ ಈ ತರ್ಕ ಬಹುಮಟ್ಟಿಗೆ ನಡೆಯುತ್ತದೆ. ಒಂದೇ ಟಿಕೇಟಿನಲ್ಲಿ ಪಯಣಿಸುತ್ತ, ಸಾಮಾನನ್ನು ಕೊನೆಯ ಊರಿಗೇ ಒಪ್ಪಿಸಿ, ನಿಲ್ದಾಣದ ಒಳಗಿನ ತಂಗುಮನೆಯಿಂದ ಹೊರಗೆ ಕಾಲಿಡದವನನ್ನು ಅನೇಕ ದೇಶಗಳು ತಮ್ಮ ನೆಲಕ್ಕೆ ಬಂದವನೆಂದು ಎಣಿಸುವುದಿಲ್ಲ. ಆದರೆ ಎರಡು ಬೇರೆ ಬೇರೆ ಟಿಕೇಟುಗಳನ್ನು ಕೊಂಡು, ನಡುವೆ ಸಾಮಾನನ್ನು ತಾನೇ ಪಡೆದು ಮತ್ತೆ ಒಪ್ಪಿಸಬೇಕಾದವನು ಅಲ್ಲಿನ ರಹದಾರಿ ಅಧಿಕಾರಿಯ ಮುಂದೆ ನಿಲ್ಲಲೇಬೇಕು. ಅವನಿಗೆ ವೀಸಾ ಬೇಕಾಗಬಹುದು. ಹೋಟೆಲಿಗೆ ಹೋಗುವವನದೂ ಇದೇ ಪಾಡು. ವೀಸಾ ಕೇಳುವ ಅಧಿಕಾರಿಯ ಪ್ರಶ್ನೆ "ನೀನು ಯಾರು, ಏತಕ್ಕೆ ಬಂದೆ?" ಎಂಬುದು. ತಾಯ್ನಾಡಿಗೆ ಮರಳಿದಾಗ ಆರೋಗ್ಯಾಧಿಕಾರಿ ಕೇಳುವ ಪ್ರಶ್ನೆಯೇ ಬೇರೆ: "ಕಳೆದ ಆರು ದಿನಗಳಲ್ಲಿ ನೀನು ಎಲ್ಲೆಲ್ಲಿ ಇದ್ದೆ?"

ಭಾರತದ ನಿಯಮವು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದುದು. ಪೀತಜ್ವರದ, ಅಂದರೆ ಹಳದಿ ಜ್ವರದ, ಭಯವಿರುವ ಪ್ರದೇಶವನ್ನು ಬಿಟ್ಟ ಆರು ದಿನಗಳೊಳಗೆ ಲಸಿಕೆಯ ಪ್ರಮಾಣಪತ್ರವಿಲ್ಲದೆ ಇಲ್ಲಿಗೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ಮಾತ್ರ ವಿನಾಯಿತಿ. ಅಂಥ ಪ್ರದೇಶದಲ್ಲಿ ವಿಮಾನ ಬದಲಿಸಿದವರಿಗೂ ಈ ನಿಯಮ ಅನ್ವಯಿಸುತ್ತದೆ. ಪಯಣಿಗನು ಅಲ್ಲಿದ್ದಷ್ಟು ಹೊತ್ತೂ ವಿಮಾನ ನಿಲ್ದಾಣವನ್ನು ಬಿಟ್ಟು ಹೊರಗೆ ಹೋಗಿರದಿದ್ದರೆ, ಮತ್ತು ಇಲ್ಲಿನ ಆರೋಗ್ಯಾಧಿಕಾರಿ ಒಪ್ಪಿದರೆ, ಅವನನ್ನು ಬಿಟ್ಟುಬಿಡಬಹುದು. "ಮತ್ತು" ಎಂಬ ಆ ಪದವನ್ನು ಓದುಗರು ಗಮನಿಸಬೇಕು. ಹೊರಗೆ ಹೋಗದಿದ್ದರೆ ಸಾಲದು. ಅಧಿಕಾರಿಯ ಒಪ್ಪಿಗೆಯೂ ಬೇಕು. ದಕ್ಷಿಣ ಆಫ್ರಿಕದಂಥ ದೇಶಗಳು ಹನ್ನೆರಡು ತಾಸುಗಳ ಗಡುವನ್ನು ಇಟ್ಟುಕೊಂಡಿವೆ. ಅದಕ್ಕಿಂತ ಹೆಚ್ಚು ಹೊತ್ತು ಅಂಥ ನಿಲ್ದಾಣದಲ್ಲಿ ಕಾದವರಿಂದ ಮಾತ್ರ ಅವು ಪ್ರಮಾಣಪತ್ರ ಕೇಳುತ್ತವೆ. ಆ ಹನ್ನೆರಡು ತಾಸನ್ನೇ ನಂಬಿಕೊಂಡು ಮುಂಬಯಿಗೋ ಬೆಂಗಳೂರಿಗೋ ಬಂದಿಳಿಯುವವರು ಮೋಸಹೋಗುತ್ತಾರೆ.

ನಮ್ಮ ಹುಡುಗನಿಗೆ ಜರ್ಮನಿ ಏನನ್ನೂ ಕೇಳುತ್ತಿರಲಿಲ್ಲ. ಅಲ್ಲಿ ಈ ರೋಗವನ್ನು ಹರಡುವ ಸೊಳ್ಳೆಗೆ ನೆಲೆಯಿಲ್ಲ. ಕೇಳುವುದು ತಾಯ್ನಾಡು. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ಒಂದು ರಾತ್ರಿ ಮಲಗಿ ಬಂದುದಕ್ಕಾಗಿ ಅವನು ಆರು ದಿನ ಮುಂಬಯಿಯ ಪ್ರತ್ಯೇಕವಾಸದಲ್ಲಿ ಕಳೆಯಬೇಕಾಗುತ್ತಿತ್ತು. ಅಷ್ಟರಲ್ಲಿ ಅಕ್ಷತೆ ಬಿದ್ದು ಎರಡು ದಿನವಾಗಿರುತ್ತಿತ್ತು.

ಇಷ್ಟೊಂದು ಬಿಗಿ ಏತಕ್ಕೆ? ಉತ್ತರವನ್ನು ಹುಡುಕಲು ಆಫ್ರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ನಾಲ್ಕು ತಾಲೂಕುಗಳ ಯಾವುದೇ ಓಣಿಯಲ್ಲಿ ನಾಲ್ಕು ಮನೆಗಳ ಹಿತ್ತಿಲನ್ನು ನೋಡಿದರೆ ಸಾಕು. ನಳ ಬರುವ ದಿನ ತುಂಬಿಟ್ಟ ಹರವಿ, ದನಗಳಿಗೆ ನೀರುಣಿಸುವ ಕಲ್ಲಿನ ದೋಣಿ, ಮುಚ್ಚಳವಿಲ್ಲದ ಸಿಮೆಂಟಿನ ತೊಟ್ಟಿ, ಕಬ್ಬಿನ ಟ್ರ್ಯಾಕ್ಟರಿನ ಹಳೆಯ ಟೈರು. ಇವುಗಳಲ್ಲಿ ನಿಂತ ತಿಳಿನೀರಿನಲ್ಲಿ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ ಮೊಟ್ಟೆಯಿಡುತ್ತದೆ. ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ, ಹಗಲಿನಲ್ಲಿ ಕಚ್ಚುವ ಸೊಳ್ಳೆ ಇದು. ಡೆಂಗ್ಯೂ ಜ್ವರವನ್ನೂ, 2006ರಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಜನರ ಕೀಲುಗಳನ್ನು ಹಿಡಿದುಹಾಕಿದ ಚಿಕೂನ್‌ಗುನ್ಯವನ್ನೂ ಹರಡುವುದು ಇದೇ. ಪೀತಜ್ವರವನ್ನು ಹರಡುವುದೂ ಇದೇ. ಸೊಳ್ಳೆ ಇಲ್ಲಿದೆ, ರೋಗವನ್ನೆಂದೂ ಕಾಣದ, ಆದ್ದರಿಂದ ಅದನ್ನು ತಡೆಯುವ ಶಕ್ತಿಯಿಲ್ಲದ, ಕೋಟ್ಯಂತರ ಜನರಿದ್ದಾರೆ, ರೋಗವನ್ನು ಕಾಡಿನಲ್ಲಿ ಕಾಪಿಟ್ಟುಕೊಳ್ಳಬಲ್ಲ ಮಂಗಗಳೂ ಇವೆ. ಬಾರದೆ ಇರುವುದು ವೈರಸ್ ಒಂದೇ. ಏಷ್ಯ ಖಂಡದಲ್ಲಿ ಅದು ಇಂದಿನವರೆಗೆ ನೆಲೆಯೂರಿಲ್ಲ. ಏತಕ್ಕೆ ಊರಲಿಲ್ಲವೆಂಬುದಕ್ಕೆ ವಿಜ್ಞಾನಿಗಳು ಹಲವು ಊಹೆಗಳನ್ನು ಕೊಟ್ಟಿದ್ದಾರೆ. ಯಾವುದೊಂದೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ಈ ಭಯ ಹೊಸದೇನೂ ಅಲ್ಲ. ಪನಾಮಾ ಕಾಲುವೆ 1914ರಲ್ಲಿ ತೆರೆಯಿತು. ಅಮೆರಿಕದ ಪೀತಜ್ವರದ ಬಂದರುಗಳಿಂದ ಏಷ್ಯಕ್ಕೆ ಹಡಗಿನ ದಾರಿ ಅದರಿಂದ ಹತ್ತಿರವಾಗುವುದೆಂದು, ಕಾಲುವೆ ತೆರೆಯುವ ಮೊದಲೇ ಭಾರತೀಯ ವೈದ್ಯಸೇವೆಯ ಎಸ್. ಪಿ. ಜೇಮ್ಸ್ ಎಂಬ ಅಧಿಕಾರಿಯನ್ನು ಈ ಅಪಾಯದ ಪರಿಶೀಲನೆಗಾಗಿ ಕಳುಹಿಸಲಾಗಿತ್ತು. ಆಗ ನಮ್ಮನ್ನು ಕಾಯುತ್ತಿದ್ದುದು ಸಮುದ್ರದ ದೂರ. ವಿಮಾನವು ಆ ಬೇಲಿಯನ್ನು ಮುರಿಯಿತು. ಭಾರತದ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳು 1954ರಲ್ಲಿ ಹುಟ್ಟಿದುದು ಇದೇ ಕಾರಣದಿಂದ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಭೌತಶಾಸ್ತ್ರ ಕಲಿಸುವವರಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ಸೋಂಕಿದ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಮನುಷ್ಯನಿಗೆ ಜ್ವರ ಬರುತ್ತದೆ. ಆರು ದಿನವೆಂದರೆ 144 ತಾಸು. ಆಡಿಸ್ ಅಬಾಬಾದಿಂದ ಮುಂಬಯಿಗೆ ವಿಮಾನ ತೆಗೆದುಕೊಳ್ಳುವುದು ಸುಮಾರು ಐದು ತಾಸು. ವಾರಗಟ್ಟಲೆ ತೇಲುತ್ತಿದ್ದ ಹಾಯಿಹಡಗಿನಲ್ಲಿ ರೋಗಿಯು ಬಂದರು ಕಾಣುವ ಮೊದಲೇ ಮಲಗುತ್ತಿದ್ದನು. ಹಡಗಿನ ಮೇಲೆ ಹಳದಿ ಬಾವುಟ ಏರುತ್ತಿತ್ತು. ವಿಮಾನದಲ್ಲಿ ಬಂದವನಾದರೋ ನಗುನಗುತ್ತ ಇಳಿದು, ರಾತ್ರಿ ಬಸ್ಸು ಹಿಡಿದು, ಮರುದಿನ ಬನಹಟ್ಟಿಯ ಮಗ್ಗದ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾನೆ. ಜ್ವರ ಬರುವ ಹೊತ್ತಿಗೆ ಅವನ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಹಿತ್ತಿಲಿನ ಹರವಿಯ ಸೊಳ್ಳೆ ಕಾದೇ ಇರುತ್ತದೆ. ಆರು ದಿನಗಳ ತಡೆಯೆಂದರೆ, ವಿಮಾನವು ನುಂಗಿದ ಕಾಲವನ್ನು ಕಾಗದದ ಮೂಲಕ ಮರಳಿ ಕಟ್ಟಿಕೊಡುವ ಉಪಾಯ.

ಆದರೆ ಈ ನಿಯಮದಲ್ಲಿ ಒಂದು ವಿನೋದವೂ ಉಂಟು. ಸೊಳ್ಳೆಯ ಹೊಟ್ಟೆಗೆ ಹೋದ ವೈರಸ್ ಬೆಳೆದು ಅದರ ಜೊಲ್ಲಿಗೆ ತಲಪಲು ಬೆಚ್ಚಗಿನ ಹವೆಯಲ್ಲಿ ಹತ್ತು ಹನ್ನೆರಡು ದಿನ ಬೇಕು. ತಂಪು ಹೆಚ್ಚಿದಂತೆ ಈ ಅವಧಿ ಉದ್ದವಾಗುತ್ತದೆ. ಅದು ಮುಗಿಯುವ ಮೊದಲೇ ಸೊಳ್ಳೆ ಸತ್ತರೆ ರೋಗ ಮುಂದೆ ಸಾಗದು. ಆದಕಾರಣ ಸಮುದ್ರಮಟ್ಟದಿಂದ 2,300 ಮೀಟರಿಗಿಂತ ಎತ್ತರದ ಸ್ಥಳಗಳಿಗಷ್ಟೇ ಹೋಗುವವರಿಗೆ ಈ ಲಸಿಕೆ ಸಾಮಾನ್ಯವಾಗಿ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಡಿಸ್ ಅಬಾಬಾ ಇರುವುದು ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಹುಡುಗನಿಗೆ ಆ ಹೋಟೆಲಿನಲ್ಲಿ ರೋಗ ಅಂಟುವ ಸಂಭವ ತೀರ ಕಡಿಮೆ. ಆದರೂ ಇಥಿಯೋಪಿಯವು ಪಟ್ಟಿಯಲ್ಲಿದೆ, ಏಕೆಂದರೆ ಅದರ ತಗ್ಗು ನಾಡುಗಳಲ್ಲಿ ಅಪಾಯವುಂಟು. ಮುಂಬಯಿಯ ಅಧಿಕಾರಿಯು ಪಯಣಿಗನು ಬೆಟ್ಟದ ಮೇಲೆ ಮಲಗಿದ್ದನೋ ತಗ್ಗಿನಲ್ಲಿ ಮಲಗಿದ್ದನೋ ಎಂದು ಅಳೆಯಲಾರನು. ಇದು ಅನ್ಯಾಯವೆಂದು ಹುಡುಗ ವಾದಿಸಿದನು. ವಾದದಲ್ಲಿ ಅವನು ಗೆದ್ದನೆಂದೇ ನಮ್ಮ ಅಭಿಪ್ರಾಯ. ಆದರೆ ಲಸಿಕೆ ತಪ್ಪಲಿಲ್ಲ.

ಕಾಗದವನ್ನು ಸಡಿಲ ಬಿಟ್ಟರೆ ಏನಾಗುವುದೆಂಬುದನ್ನು 2016ರಲ್ಲಿ ಜಗತ್ತು ಕಂಡಿತು. ಅಂಗೋಲದಲ್ಲಿ ಪೀತಜ್ವರ ಹಬ್ಬಿದ್ದಾಗ ಅಲ್ಲಿ ದುಡಿಯುತ್ತಿದ್ದ ಚೀನೀ ಕೆಲಸಗಾರರಲ್ಲಿ ಹನ್ನೊಂದು ಜನ ರೋಗವನ್ನು ಹೊತ್ತು ಊರಿಗೆ ಮರಳಿದರು. ಏಷ್ಯದಲ್ಲಿ ಈ ರೋಗ ಖಚಿತವಾಗಿ ಕಾಣಿಸಿಕೊಂಡುದು ಅದೇ ಮೊದಲು. ಅದು ಅಲ್ಲಿ ಹಬ್ಬಲಿಲ್ಲ. ಅದೇ ವರ್ಷ ಲಸಿಕೆಯ ದಾಸ್ತಾನು ಸಾಲದೆ ಹೋಗಿ, ಕಾಂಗೋದ ಕಿನ್ಷಾಸ ನಗರದ ಜನರಿಗೆ ಒಂದು ಪಾಲಿನ ಐದನೆಯ ಒಂದು ಭಾಗವನ್ನಷ್ಟೇ ಕೊಡಬೇಕಾಯಿತು.

ನಮ್ಮ ಕನ್ನಡಿಗರೇ ಸಿಕ್ಕಿಬಿದ್ದ ಪ್ರಸಂಗವೂ ಒಂದುಂಟು. ಸುಡಾನಿನಲ್ಲಿ 2023ರ ಏಪ್ರಿಲಿನಲ್ಲಿ ಯುದ್ಧ ಹೊತ್ತಿದಾಗ, ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಎಲ್ ಫಾಶರ್ ಮೊದಲಾದ ಊರುಗಳಲ್ಲಿ ಸಿಲುಕಿದರು. ಭಾರತ ಸರ್ಕಾರವು "ಆಪರೇಷನ್ ಕಾವೇರಿ" ಎಂಬ ಕಾರ್ಯಾಚರಣೆಯಲ್ಲಿ 3,862 ಜನರನ್ನು ಸುಡಾನಿನಿಂದ ಹೊರತಂದಿತು. ಬಹುಮಂದಿ ಪೋರ್ಟ್ ಸುಡಾನಿನಿಂದ ಕೆಂಪು ಸಮುದ್ರವನ್ನು ದಾಟಿ, ಜೆಡ್ಡಾದ ಮೇಲೆ ಸ್ವದೇಶಕ್ಕೆ ಬಂದರು. ಆ ತಿಂಗಳ ಕೊನೆಯ ವೇಳೆಗೆ ಬಂದಿದ್ದ 1,191 ಜನರಲ್ಲಿ 117 ಜನ ಪೀತಜ್ವರದ ಲಸಿಕೆ ಇಲ್ಲದವರೆಂದು ಪ್ರತ್ಯೇಕವಾಸದಲ್ಲಿದ್ದರು. ಬೆಂಗಳೂರಿನಲ್ಲಿ ಇಳಿದವರಲ್ಲಿಯೂ ಕೆಲವರಿಗೆ ಈ ಗತಿ ಒದಗಿತು. ಗುಂಡಿನ ಸದ್ದಿನಿಂದ ತಪ್ಪಿಸಿಕೊಂಡು ಬಂದವರನ್ನು ಮನೆಗೆ ಬಿಡದೆ ಆಸ್ಪತ್ರೆಗೆ ಒಯ್ಯುವುದು ಕ್ರೂರವೆಂದು ತೋರೀತು. ನಮಗೂ ಹಾಗೆ ತೋರಿತು. ಆದರೆ ಮುಗಿಲಿನಂತೆ ಊರೂರು ತಿರುಗುವ ಆ ಜನರು ಮರಳಿ ಹೋಗುವುದು ಹತ್ತಾರು ಹಳ್ಳಿಗಳಿಗೆ. ಅಲ್ಲೆಲ್ಲ ನೀರು ತುಂಬಿದ ಪಾತ್ರೆಗಳಿವೆ.

ಲಸಿಕೆಯ ಕಥೆಯಲ್ಲಿ ನಮ್ಮ ದೇಶದ ಪಾಲೂ ಉಂಟೆಂಬುದು ಹಲವರಿಗೆ ತಿಳಿಯದು. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, 1927ರಲ್ಲಿ ಅಸಿಬಿ ಎಂಬ ಯುವಕನಿಗೆ ಪೀತಜ್ವರ ಬಂದಿತು. ಅವನ ರಕ್ತವನ್ನು ಸಂಶೋಧಕರು ಭಾರತದಿಂದ ತರಿಸಿದ್ದ ರೀಸಸ್ ಮಂಗಕ್ಕೆ ಚುಚ್ಚಿದರು. ಆಫ್ರಿಕದ ಮಂಗಗಳಿಗೆ ಈ ರೋಗ ಅಷ್ಟಾಗಿ ತಾಗದು. ನಮ್ಮ ಮಂಗಕ್ಕೆ ತಾಗಿತು, ಮಂಗ ಸತ್ತಿತು. ವೈರಸ್ಸನ್ನು ಪ್ರಯೋಗಾಲಯದಲ್ಲಿ ಹಿಡಿದಿಡುವ ದಾರಿ ಹೀಗೆ ತೆರೆಯಿತು. ಅಸಿಬಿ ಬದುಕಿಕೊಂಡನು. ಸಂಶೋಧಕರಲ್ಲಿ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ, ಜಪಾನಿನ ಹಿಡೆಯೊ ನೊಗುಚಿ ಮರುವರ್ಷ, ತಾವು ಅಭ್ಯಸಿಸುತ್ತಿದ್ದ ರೋಗದಿಂದಲೇ ಸತ್ತರು. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ಮ್ಯಾಕ್ಸ್ ಥೈಲರ್ ಮತ್ತು ಅವರ ಸಂಗಡಿಗರು ಇಲಿಯ, ಕೋಳಿಯ ಭ್ರೂಣಗಳ ಅಂಗಾಂಶಗಳಲ್ಲಿ ನೂರಕ್ಕೂ ಹೆಚ್ಚು ಬಾರಿ ಬೆಳೆಸಿ ಬೆಳೆಸಿ ಸೌಮ್ಯಗೊಳಿಸಿದರು. '17ಡಿ' ಎಂಬ ಆ ಲಸಿಕೆ 1937ರಲ್ಲಿ ಸಿದ್ಧವಾಯಿತು. 1951ರಲ್ಲಿ ಥೈಲರರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿಗೂ ಬೆಂಗಳೂರಿನಲ್ಲಿ ಪಯಣಿಗನ ತೋಳಿಗೆ ಹೋಗುವುದು ಅದರದೇ ಸಂತತಿ.

ಈ ಲಸಿಕೆ ಜೀವಂತ ವೈರಸ್ಸಿನದು, ಬಿಸಿಲಿಗೆ ಬಾಡುವಂಥದು. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಇದನ್ನು ಕಾಯುವುದು ಭೌತಶಾಸ್ತ್ರದ ಒಂದು ಸೊಗಸಾದ ಉಪಾಯ. ನೀರನ್ನು ಮಂಜುಗಟ್ಟಿಸಿ, ಸುತ್ತಲ ಒತ್ತಡವನ್ನು ವಾಯುಭಾರದ ಸುಮಾರು 165ರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸಿದರೆ, ಮಂಜು ಕರಗಿ ನೀರಾಗುವುದೇ ಇಲ್ಲ. ನೇರವಾಗಿ ಆವಿಯಾಗಿ ಹೋಗುತ್ತದೆ. ಕರ್ಪೂರವು ಮಂಗಳಾರತಿಗೆ ಮುಂಚೆಯೇ ಡಬ್ಬಿಯಲ್ಲಿ ಕಿರಿದಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹೀಗೆ ನೀರು ಕಳೆದ ಪುಡಿಯನ್ನು ಸೀಸೆಯಲ್ಲಿ ಮುಚ್ಚಿ 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡುತ್ತಾರೆ. ಆದರೆ ದ್ರಾವಣ ಬೆರೆಸಿದೊಡನೆ ಗಡಿಯಾರ ಓಡತೊಡಗುತ್ತದೆ. ಆರು ತಾಸುಗಳೊಳಗೆ ಬಳಸದಿದ್ದರೆ ಉಳಿದುದನ್ನು ಚೆಲ್ಲಬೇಕು. ಒಂದು ಸೀಸೆಯಲ್ಲಿ ಹಲವರ ಪಾಲು ಇರುವುದರಿಂದ ಅನೇಕ ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ, ಮೊದಲೇ ಹೆಸರು ಬರೆಸಿದವರನ್ನು ಕರೆದು ಲಸಿಕೆ ಹಾಕುತ್ತವೆ. ಜಮಖಂಡಿಯಿಂದ ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ ಪಯಣಿಸಿ ಹೋದವನಿಗೆ "ನಾಳೆ ಬಾ" ಎಂದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಹಿಂದೆ ಮುಚ್ಚಿದ ಸೀಸೆಯೊಂದಿದೆ.

ಲಸಿಕೆ ಎಲ್ಲಿ ಹಾಕಿಸಿಕೊಂಡರೂ ನಡೆಯದು. ಭಾರತ ಸರ್ಕಾರ ಗೊತ್ತುಪಡಿಸಿದ ಕೇಂದ್ರದ ಮುದ್ರೆ, ವೈದ್ಯರ ಸಹಿ, ಲಸಿಕೆಯ ತಯಾರಕರ ಹೆಸರು ಮತ್ತು ತಂಡದ ಸಂಖ್ಯೆ ಹಳದಿ ಪುಸ್ತಿಕೆಯಲ್ಲಿ ಇರಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಉಂಟಷ್ಟೆ. ಶಾಲೆಯ ದಾಖಲೆಯಲ್ಲಿ ಒಂದು ಕ್ರಮ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ನಮ್ಮ ಹುಡುಗನ ಪುಸ್ತಿಕೆಯಲ್ಲಿ ಗುಮಾಸ್ತರು ತಂದೆಯ ಹೆಸರನ್ನು ಬಿಟ್ಟಿದ್ದರು. ಅವನು ಅಲ್ಲೇ ನೋಡಿ ತಿದ್ದಿಸಿಕೊಂಡನು. ಮೊಟ್ಟೆ ಒಗ್ಗದವರು, ಗರ್ಭಿಣಿಯರು, ಅರವತ್ತು ದಾಟಿದವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಹೊರಡಲು ಆರೇ ದಿನ ಉಳಿದಿದ್ದಾಗ ಅವನಿಗೆ ಲಸಿಕೆ ಸಿಕ್ಕಿತು. ದೇಹವು ಸಾಕಷ್ಟು ಪ್ರತಿಕಾಯಗಳನ್ನು ಕಟ್ಟಲು ಕಾಲ ಬೇಕಾದುದರಿಂದ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಹತ್ತು ದಿನಗಳ ಮೇಲೆ. ತಡವಾಯಿತೆಂದು ಅವನು ಗಾಬರಿಯಾದನು. ಆದರೆ ಕೇಳುವುದು ಮುಂಬಯಿ. ಅಲ್ಲಿಗೆ ಮರಳುವ ಹೊತ್ತಿಗೆ ಇಪ್ಪತ್ತೇಳು ದಿನಗಳಾಗಿರುತ್ತವೆ. ಮದುವೆಯ ದಿನ ಅವನು ಬನಹಟ್ಟಿಯಲ್ಲಿ ಬೀಗರಿಗೆ ಪಾನಕ ಹಂಚುತ್ತಿದ್ದುದನ್ನು ನಾವೇ ಕಂಡೆವು.

ಆ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ಕುಳಿತವರು ಅವನ ಕಾರ್ಖಾನೆಯ ಹಿರಿಯರೊಬ್ಬರು. 2009ರಲ್ಲಿ ಯುಗಾಂಡದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಲು ಹೋಗಿದ್ದವರು. ತಮ್ಮ ಹಳದಿ ಪುಸ್ತಿಕೆಯ ಗಡುವು 2019ಕ್ಕೆ ತೀರಿತೆಂದೂ ಮತ್ತೆ ಚುಚ್ಚಿಸಿಕೊಳ್ಳಬೇಕೆಂದೂ ಅವರು ಹೇಳಿದರು. ಬೇಕಾಗಿಲ್ಲ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ತಿದ್ದುಪಡಿಯೊಂದು 2016ರ ಜುಲೈ 11ರಿಂದ ಜಾರಿಗೆ ಬಂದು, ಹಳೆಯ ಹೊಸ ಪ್ರಮಾಣಪತ್ರಗಳೆಲ್ಲ ಜೀವಮಾನದವರೆಗೆ ಸಿಂಧುವಾದವು. ಪುಸ್ತಿಕೆಯಲ್ಲಿ ತಿದ್ದಿಸುವ ಅಗತ್ಯವೂ ಇಲ್ಲ. ಇದನ್ನು ಅರಿಯದ ಗುಮಾಸ್ತರು ವಿಮಾನ ಕಂಪನಿಗಳ ಮೇಜುಗಳ ಹಿಂದೆ ಇನ್ನೂ ಇರಬಹುದು. ಆದುದರಿಂದ ಆ ತಿದ್ದುಪಡಿಯ ಒಂದು ಪ್ರತಿಯನ್ನು ಪುಸ್ತಿಕೆಯೊಳಗೆ ಮಡಿಸಿ ಇಟ್ಟುಕೊಳ್ಳಿರೆಂದು ಅವರಿಗೆ ಹೇಳಿದೆವು. ಅಷ್ಟರಲ್ಲಿ ಬಡಿಸುವವರು ಹೋಳಿಗೆ ತಂದರು.